‘ನಾನು ಆರಾಮ’ ಅನ್ನುವ ಮಾತು, ಮತ್ತು ಈ ವರ್ಷ ಓದಿದ ಆರು ಪುಸ್ತಕ



ಓದುಗರು ಏನು ಓದ್ತಾ ಇದ್ದಾರೆ, ಬರೆದು ಕಳಿಸಿ ಅಂತ ನಮ್ಮ ಪತ್ರಿಕೆಯಲ್ಲಿ ಕೇಳಿದ್ದರು. ನಾನು ಸಾಹಿತ್ಯದ ಮನುಷ್ಯ ಅಲ್ಲ. ಬಹ್ರೇನಿನ ಒಂದು ಕಂಟ್ರಾಕ್ಟಿಂಗ್ ಕಂಪನಿಯಲ್ಲಿ ಸ್ಟೋರ್ ಕೀಪರ್. ಸಿಮೆಂಟು ಎಷ್ಟು ಬಂತು, ಪೈಪು ಎಷ್ಟು ಹೋಯ್ತು, ಯಾರಿಗೆ ಸೇಫ್ಟಿ ಶೂ ಕೊಟ್ಟಾಯ್ತು ಅಂತ ಲೆಕ್ಕ ಇಡುವುದು ನನ್ನ ಕೆಲಸ. ಊರು ಕುಂದಾಪುರದ ಹತ್ತಿರ. ಶುಕ್ರವಾರ ಬಟ್ಟೆ ಒಗೆದು, ಅಡುಗೆ ಮುಗಿಸಿದ ಮೇಲೆ ಸಿಗುವ ಹೊತ್ತಿನಲ್ಲಿ ಓದುತ್ತೇನೆ. ರಾತ್ರಿ ರೂಮಿನಲ್ಲಿ ಬೇರೆಯವರು ಮಲಗಿದ ಮೇಲೆ ಮೊಬೈಲ್ ಬೆಳಕಿನಲ್ಲೂ ಸ್ವಲ್ಪ ಓದುವುದುಂಟು.

ಈ ವರ್ಷ ಆರು ಪುಸ್ತಕ ಮುಗಿಸಿದೆ. ನಾಲ್ಕು ಕಥೆ-ಕಾದಂಬರಿ, ಎರಡು ನಿಜವಾಗಿ ನಡೆದದ್ದರ ಬರಹ. ಯಾವ ಯೋಜನೆಯೂ ಇರಲಿಲ್ಲ, ಕೈಗೆ ಸಿಕ್ಕಿದ್ದನ್ನು ಓದಿದ್ದು. ಆದರೆ ಎಲ್ಲಾ ಮುಗಿದ ಮೇಲೆ ನೋಡಿದರೆ ಆರರಲ್ಲೂ ಒಂದೇ ಪ್ರಶ್ನೆ ನನ್ನ ಕಣ್ಣಿಗೆ ಬಿತ್ತು. ದುಡಿಯುವವನು ಮನೆಗೆ ಏನು ಹೇಳುತ್ತಾನೆ, ಏನು ಮುಚ್ಚಿಡುತ್ತಾನೆ? ಮನೆಯವರು ಏನು ಕೇಳಿಸಿಕೊಳ್ಳುತ್ತಾರೆ? ನಾವು ಇಲ್ಲಿಂದ ಫೋನ್ ಮಾಡಿದಾಗ ಮೊದಲು ಹೇಳುವ ಮಾತೇ ‘ನಾನು ಆರಾಮ’. ಆ ಮಾತಿಗೂ ಒಂದು ಬೆಲೆ ಇದೆ. ಅದನ್ನು ಯಾರು ಕಟ್ಟುತ್ತಾರೆ ಅನ್ನುವುದನ್ನು ಈ ಪುಸ್ತಕಗಳು ತೋರಿಸುತ್ತವೆ ಅಂತ ನನ್ನ ಅಭಿಪ್ರಾಯ.

ಆಡುಗಳ ನಡುವೆ ಬರೆದ ಸುಖದ ಪತ್ರ

ಮೊದಲನೆಯದು ಬೆನ್ಯಾಮಿನ್ ಅವರ ‘ಆಡುಜೀವಿತಂ’. ಮಲಯಾಳದಲ್ಲಿ 2008ರಲ್ಲಿ ಬಂದ ಕಾದಂಬರಿ. 2024ರಲ್ಲಿ ಪೃಥ್ವಿರಾಜ್ ಅಭಿನಯದ ಸಿನಿಮಾ ಆಗಿ ಬಂದ ಮೇಲೆ ನಮ್ಮ ರೂಮಿನಲ್ಲಿ ಇದರ ಮಾತು ಶುರುವಾಯ್ತು. ನಮಗೆ ಇನ್ನೊಂದು ಅಭಿಮಾನವೂ ಇದೆ. ಬೆನ್ಯಾಮಿನ್ 1992ರಿಂದ 2013ರ ತನಕ ಇದೇ ಬಹ್ರೇನಿನಲ್ಲಿ ಕೆಲಸ ಮಾಡಿಕೊಂಡಿದ್ದವರು. ಈ ಕಾದಂಬರಿ ಬಂದಾಗಲೂ ಅವರು ನಮ್ಮ ಹಾಗೇ ಇಲ್ಲಿ ದುಡಿಯುತ್ತಿದ್ದರು.

ಕಥೆ ಬಹಳ ಜನರಿಗೆ ಗೊತ್ತು. ಹೊಳೆಯಲ್ಲಿ ಮರಳು ತೆಗೆಯುತ್ತಿದ್ದ ನಜೀಬ್, ಬಸುರಿ ಹೆಂಡತಿ ಸೈನುವನ್ನು ಬಿಟ್ಟು ಸೌದಿಗೆ ಬರುತ್ತಾನೆ. ಕಂಪನಿ ಕೆಲಸ ಅಂತ ನಂಬಿ ಬಂದವನು. ರಿಯಾದ್ ಏರ್‌ಪೋರ್ಟಿನಲ್ಲಿ ಯಾರೋ ಅರ್ಬಾಬ್ ಬಂದು ಗಾಡಿ ಹತ್ತಿಸಿಕೊಂಡು ಹೋಗುತ್ತಾನೆ. ಇಳಿದದ್ದು ಮರುಭೂಮಿಯ ನಡುವೆ, ಆಡು ಸಾಕುವ ಜಾಗದಲ್ಲಿ. ಅಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ. ಸ್ನಾನಕ್ಕೆ ನೀರಿಲ್ಲ, ಸಂಬಳ ಇಲ್ಲ, ತಿನ್ನಲು ಒಣ ಖುಬೂಸ್.

ಸಿನಿಮಾ ನೋಡಿದವರು ಮರಳುಗಾಡು, ಹಸಿವು, ಓಡಿಹೋಗುವ ದೃಶ್ಯ ನೆನಪು ಮಾಡ್ಕೊಳ್ತಾರೆ. ನನ್ನ ಮನಸ್ಸಿನಲ್ಲಿ ಕೂತದ್ದು ಬೇರೆ. ಅಷ್ಟು ನರಕದಲ್ಲಿ ಇದ್ದುಕೊಂಡು, ಕಳಿಸಲು ಸಾಧ್ಯವೇ ಇಲ್ಲದ ಪತ್ರಗಳಲ್ಲಿ ನಜೀಬ್ ಸೈನುಗೆ ತಾನು ಸುಖವಾಗಿದ್ದೇನೆ ಅಂತ ಹೇಳುತ್ತಾನೆ. ಆ ಪತ್ರವನ್ನು ಯಾರೂ ಓದುವುದಿಲ್ಲ. ಆದರೂ ಸುಳ್ಳು ಹೇಳುತ್ತಾನೆ! ಆಮೇಲೆ ಹುಟ್ಟಿದ ಒಂದು ಆಡಿನ ಮರಿಗೆ, ತನ್ನ ಮಗನಿಗೆ ಇಡಬೇಕು ಅಂದುಕೊಂಡಿದ್ದ ನಬೀಲ್ ಅನ್ನುವ ಹೆಸರಿಡುತ್ತಾನೆ. ಆ ಮರಿಗೆ ಏನಾಗುತ್ತದೆ ಅಂತ ನಾನು ಇಲ್ಲಿ ಹೇಳುವುದಿಲ್ಲ. ಆ ಪುಟ ಬಂದಾಗ ಪುಸ್ತಕ ಮುಚ್ಚಿ ಹೊರಗೆ ಹೋಗಿ ನಿಂತೆ.

ನನಗೆ ಒಂದು ತಕರಾರು ಇದೆ. ಕೊನೆಯ ಭಾಗದಲ್ಲಿ ಎಲ್ಲವೂ ದೇವರ ಕೈಯಲ್ಲಿ ಅನ್ನುವ ಕಡೆಗೆ ಕಥೆ ವಾಲುತ್ತದೆ. ದೇವರು ಕಾಪಾಡಿದ ಸರಿ, ಆದರೆ ಈ ಪರಿಸ್ಥಿತಿ ತಂದಿಟ್ಟದ್ದು ಮನುಷ್ಯರಲ್ಲವಾ? ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮುಂದಿನ ಪುಸ್ತಕದಲ್ಲಿ.

ನಮ್ಮ ಊರಿನದೇ ಅಧ್ಯಯನ

‘ಸಿಟಿ ಆಫ್ ಸ್ಟ್ರೇಂಜರ್ಸ್’. ಆಂಡ್ರ್ಯೂ ಗಾರ್ಡ್ನರ್ ಅಂತ ಅಮೆರಿಕದ ಮಾನವಶಾಸ್ತ್ರಜ್ಞರು ಬರೆದ ಇಂಗ್ಲಿಷ್ ಪುಸ್ತಕ, 2010ರಲ್ಲಿ ಬಂದದ್ದು. 2002-03ರ ಹೊತ್ತಿಗೆ ಬಹ್ರೇನಿಗೆ ಬಂದು, ಇಲ್ಲಿನ ಭಾರತೀಯರ ಜೊತೆ ಮಾತಾಡಿ, ಲೇಬರ್ ಕ್ಯಾಂಪುಗಳಿಗೆ ಹೋಗಿ ಕೂತು ಮಾಡಿದ ಅಧ್ಯಯನ. ಇಂಗ್ಲಿಷ್ ಕಷ್ಟದ್ದೇ, ದಿನಕ್ಕೆ ನಾಲ್ಕೈದು ಪುಟಕ್ಕಿಂತ ಹೆಚ್ಚು ಆಗಲಿಲ್ಲ. ಆದರೆ ಮನಾಮದ ಗಲ್ಲಿಗಳನ್ನು ಪುಸ್ತಕದಲ್ಲಿ ನೋಡುವ ಖುಷಿಗೆ ಬಿಡದೆ ಓದಿದೆ.

ಇವರು ಹೇಳುವ ಮುಖ್ಯ ವಿಷಯ ಇಷ್ಟು. ಕಾರ್ಮಿಕನಿಗೆ ಆಗುವ ಅನ್ಯಾಯ ಒಬ್ಬ ಕೆಟ್ಟ ಮಾಲೀಕನಿಂದ ಮಾತ್ರ ಆಗುವುದಿಲ್ಲ. ಕಫಾಲ ಪದ್ಧತಿಯಲ್ಲಿ ನಮ್ಮ ವೀಸಾ, ಕೆಲಸ, ಇರುವ ಜಾಗ ಎಲ್ಲವೂ ಒಬ್ಬನೇ ಪ್ರಾಯೋಜಕನ ಕೈಯಲ್ಲಿ. ಬರುವ ಮೊದಲೇ ಏಜೆಂಟಿಗೆ ಕೊಡಲು ಊರಿನಲ್ಲಿ ಸಾಲ. ಆ ಸಾಲ ತೀರುವ ತನಕ ಮನುಷ್ಯ ಏನೇ ಆದರೂ ಬಾಯಿ ಬಿಡುವ ಹಾಗಿಲ್ಲ, ವಾಪಸ್ ಹೋಗುವ ಹಾಗೂ ಇಲ್ಲ. ನಜೀಬನದು ತುದಿಗೆ ಹೋದ ಕಥೆ. ಆದರೆ ಅದರ ಬೇರು ನಮ್ಮೆಲ್ಲರ ಕಾಗದಪತ್ರದಲ್ಲೇ ಇದೆ ಅಂತ ಈ ಪುಸ್ತಕ ಓದಿದ ಮೇಲೆ ಗೊತ್ತಾಯ್ತು.

ಅವರು ಬಂದು ಹೋದ ಮೇಲೆ ಇಲ್ಲಿ ಕೆಲವು ಬದಲಾವಣೆ ಆಗಿದೆ. 2009ರಲ್ಲಿ ಮಾಲೀಕರ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸಲು ಬಹ್ರೇನ್ ಅವಕಾಶ ಕೊಟ್ಟಿತು, ಆಮೇಲೆ ಅದಕ್ಕೆ ಷರತ್ತು ಹಾಕಿತು. ಹಾಗಾಗಿ ಪುಸ್ತಕದ ಎಲ್ಲಾ ಮಾತೂ ಇವತ್ತಿಗೆ ಹಾಗೇ ಹೊಂದುವುದಿಲ್ಲ. ಮನೆಕೆಲಸಕ್ಕೆ ಬರುವ ಹೆಣ್ಣುಮಕ್ಕಳ ವಿಷಯ ಇನ್ನೂ ಬೇಕಿತ್ತು ಅಂತಲೂ ಅನ್ನಿಸ್ತು. ಒಂದು ವಿಷಯ ಮಾತ್ರ ಇವತ್ತಿಗೂ ಹಾಗೇ ಇದೆ, ಸಾಲ ಇರುವವನು ಸುಮ್ಮನಿರುತ್ತಾನೆ.

ಇದಕ್ಕೆ ನನ್ನ ಕಣ್ಣೆದುರಿನ ಉದಾಹರಣೆಯೇ ಇದೆ. ನನ್ನ ಜೊತೆ ರೂಮಿನಲ್ಲಿದ್ದ ಒಬ್ಬ ಗೆಳೆಯನಿಗೆ ನಾಲ್ಕು ತಿಂಗಳು ಸಂಬಳ ಬರಲಿಲ್ಲ. ಕಂಪನಿಯ ಹೆಸರು ಇಲ್ಲಿ ಬೇಡ. ಆ ನಾಲ್ಕು ತಿಂಗಳೂ ಅವನು ಮನೆಗೆ ಫೋನ್ ಮಾಡಿ ‘ನಾನು ಆರಾಮ’ ಅಂದ. ನಮ್ಮ ಹತ್ತಿರ ಕೈಸಾಲ ತೆಗೆದುಕೊಂಡು ಮನೆಗೆ ದುಡ್ಡು ಕಳಿಸಿದ. ಮಗ ಚೆನ್ನಾಗಿದ್ದಾನೆ ಅಂತ ನಂಬಿದ ತಂದೆ, ಮಗಳ ಮದುವೆಗೆ ದೊಡ್ಡ ಹಾಲ್ ಬುಕ್ ಮಾಡಿ, ಬಡ್ಡಿಗೆ ಇನ್ನಷ್ಟು ಸಾಲ ತಂದರು. ತಂದೆಯ ಮೇಲೆ ತಪ್ಪು ಹೊರಿಸಲು ಆಗುವುದಿಲ್ಲ, ಅವರಿಗೆ ಸಿಕ್ಕಿದ ಸುದ್ದಿಯೇ ಅದು. ಸಂಬಳ ಆಮೇಲೆ ಬಂತು. ಆದರೆ ಆ ಬಡ್ಡಿ ಇನ್ನೂ ತೀರಿಲ್ಲ.

ನಮ್ಮ ಮನೆಯ ಚಿಕ್ಕಪ್ಪ ಯಾರು?

ಮೂರನೆಯದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಕನ್ನಡದಲ್ಲಿ ಬಂದದ್ದು, ಶ್ರೀನಾಥ್ ಪೇರೂರ್ ಅವರ ಇಂಗ್ಲಿಷ್ ಅನುವಾದದ ಮೂಲಕ ಹೊರದೇಶಗಳಲ್ಲೂ ಹೆಸರು ಮಾಡಿತು. ಸಣ್ಣ ಪುಸ್ತಕ, ಒಂದು ಶುಕ್ರವಾರದಲ್ಲಿ ಮುಗಿಯುತ್ತದೆ. ಮುಗಿದ ಮೇಲೆ ಒಂದು ವಾರ ತಲೆ ತಿನ್ನುತ್ತದೆ.

ಬೆಂಗಳೂರಿನ ಒಂದು ಸಂಸಾರ. ಮೊದಲು ಇರುವೆ ಕಾಟದ ಸಣ್ಣ ಮನೆಯಲ್ಲಿ, ಅಪ್ಪನ ಸೇಲ್ಸ್ ಕೆಲಸದ ಸಂಬಳದಲ್ಲಿ ಬದುಕು. ಆಮೇಲೆ ಚಿಕ್ಕಪ್ಪ ಸೋನಾ ಮಸಾಲಾ ಅಂತ ವ್ಯಾಪಾರ ಶುರು ಮಾಡ್ತಾರೆ, ದುಡ್ಡು ಬರುತ್ತದೆ. ಅಲ್ಲಿಂದ ಮನೆಯಲ್ಲಿ ಎಲ್ಲವೂ ಚಿಕ್ಕಪ್ಪನ ಸುತ್ತ. ಅವರ ಊಟ, ಅವರ ನಿದ್ದೆ, ಅವರ ಸಿಟ್ಟು. ಅವರಿಗೆ ಬೇಸರ ಆಗಬಾರದು ಅಂತ ಮನೆಯವರೆಲ್ಲ ಸೇರಿ ಏನನ್ನು ಬೇಕಾದರೂ ಮುಚ್ಚಿಹಾಕಲು ತಯಾರು. ಕಥೆ ಹೇಳುವ ಹುಡುಗನಿಗೆ ದುಡಿಮೆ ಇಲ್ಲ, ಕಾಫಿ ಹೌಸಿನಲ್ಲಿ ಕೂತು ಹೊತ್ತು ಕಳೆಯುತ್ತಾನೆ. ಮದುವೆಯಾಗಿ ಬಂದ ಅನಿತಾ ಮಾತ್ರ ಇದನ್ನು ಸಹಿಸದೆ ಬಾಯಿ ಬಿಟ್ಟು ಕೇಳುತ್ತಾಳೆ.

ಪುಸ್ತಕದಲ್ಲಿ ದುಡ್ಡು ಯಾರನ್ನೂ ಒಂದೇ ದಿನದಲ್ಲಿ ಕೆಡಿಸುವುದಿಲ್ಲ. ದಿನಾ ಒಂದೊಂದು ಚೂರು, ಇರುವೆ ಬಂದ ಹಾಗೆ. ಒಳ್ಳೆಯವರೇ ನಿಧಾನಕ್ಕೆ ಬೇರೆ ಆಗಿಬಿಡುತ್ತಾರೆ. ಲೇಖಕರು ಎಲ್ಲೂ ಬುದ್ಧಿ ಹೇಳುವುದಿಲ್ಲ, ಅದೇ ನನಗೆ ಹಿಡಿಸಿದ್ದು. ಕೊನೆಗೆ ಎಲ್ಲವನ್ನೂ ಬಿಡಿಸಿ ಹೇಳಿಲ್ಲ ಅಂತ ಕೆಲವರಿಗೆ ಬೇಸರ ಆಗಬಹುದು. ನನಗೆ ಹಾಗೆ ಬಿಟ್ಟದ್ದೇ ಸರಿ ಅನ್ನಿಸ್ತು.

ನಾನು ಹೇಳಿದೆ ಅಂತ ಊರಿನಲ್ಲಿ ನನ್ನ ಹೆಂಡತಿಯೂ ಇದನ್ನು ತರಿಸಿ ಓದಿದಳು. ಫೋನಿನಲ್ಲಿ ಮಾತಾಡುವಾಗ ನಾನು ಆ ಮನೆಯವರನ್ನು ಬಯ್ಯುತ್ತಾ ಇದ್ದೆ. ಅವಳು ಎಲ್ಲಾ ಕೇಳಿಸಿಕೊಂಡು, “ಅದೆಲ್ಲ ಸರಿ, ನಮ್ಮನೆ ಚಿಕ್ಕಪ್ಪ ಯಾರು ಅಂತ ಯೋಚನೆ ಮಾಡಿದ್ರಾ ನೀವು?” ಅಂದಳು.

ನಾನು ಮಾತಾಡಲಿಲ್ಲ. ಅವಳೇ ಮುಂದುವರಿಸಿದಳು. “ನೀವು ರಜೆಗೆ ಬರೋ ಒಂದು ತಿಂಗಳು ಈ ಮನೇಲಿ ಯಾರೂ ಜಗಳ ಆಡೋದಿಲ್ಲ. ಮಗನಿಗೆ ಮಾರ್ಕ್ಸ್ ಕಮ್ಮಿ ಬಂದದ್ದು ಹೇಳೋದಿಲ್ಲ. ಅತ್ತೆ ಮಂಡಿನೋವು ಹೇಳೋದಿಲ್ಲ. ಪಾಪ, ದೂರದಿಂದ ಬಂದಿದ್ದಾರೆ, ಬೇಸರ ಮಾಡ್ಬಾರ್ದು ಅಂತ. ಆಮೇಲೆ ನೀವು ಹೋದ ಮೇಲೆ ಎಲ್ಲಾ ನನ್ನ ತಲೆ ಮೇಲೆ.”

ನಾವು ಇಲ್ಲಿಂದ ಮುಚ್ಚಿಡುತ್ತೇವೆ ಅಂತ ನಾನು ಅಂದುಕೊಂಡಿದ್ದೆ. ಅವರೂ ಅಲ್ಲಿಂದ ಮುಚ್ಚಿಡುತ್ತಾರೆ. ಎರಡೂ ಕಡೆ ಪ್ರೀತಿಯಿಂದಲೇ. ಆದರೆ ಹೀಗೆ ವರ್ಷಗಟ್ಟಲೆ ನಡೆದರೆ ದುಡ್ಡು ಕಳಿಸುವವನು ಮನೆಯ ಮನುಷ್ಯನಾಗಿ ಉಳಿಯುವುದಿಲ್ಲ, ಮನೆಗೆ ಬರುವ ನೆಂಟನಾಗುತ್ತಾನೆ. ಒಂದು ಸಣ್ಣ ಪುಸ್ತಕ ನಮ್ಮ ಮನೆಯಲ್ಲಿ ಇಷ್ಟು ಮಾತು ಆಡಿಸಿತು. ಇದಕ್ಕಿಂತ ದೊಡ್ಡ ವಿಮರ್ಶೆ ನನಗೆ ಬರೆಯಲು ಬರುವುದಿಲ್ಲ.

ಹೇಳಿಕೊಂಡರೂ ಕೇಳುವವರು ಬೇಕು

ಅವಳೇ ನನಗೆ ಓದಿ ಅಂತ ಹೇಳಿದ್ದು ಬಾನು ಮುಷ್ತಾಕ್ ಅವರ ಕಥೆಗಳನ್ನು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಇವರ 12 ಕಥೆಗಳ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದದ್ದು ನಮಗೆಲ್ಲ ಗೊತ್ತು. ಕನ್ನಡಕ್ಕೆ ಆ ಪ್ರಶಸ್ತಿ ಅದೇ ಮೊದಲು. ಪ್ರಶಸ್ತಿಯ ಸುದ್ದಿ ಓದಿ ಚಪ್ಪಾಳೆ ತಟ್ಟಿದವರಲ್ಲಿ ಕಥೆ ಓದಿದವರು ಎಷ್ಟು ಜನ? ಓದಿ, ದಯವಿಟ್ಟು. ನಾವು ಕನ್ನಡದಲ್ಲೇ ಓದಬಹುದು, ಆ ಭಾಗ್ಯ ಬೂಕರ್ ತೀರ್ಪುಗಾರರಿಗೆ ಇರಲಿಲ್ಲ.

‘ಎದೆಯ ಹಣತೆ’ ಕಥೆಯಲ್ಲಿ ಮೆಹರುನ್ ಅನ್ನುವ ತಾಯಿ. ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ಕೂಸನ್ನು ಎತ್ತಿಕೊಂಡು ತವರಿಗೆ ಬಂದು ಕಷ್ಟ ಹೇಳಿಕೊಳ್ಳುತ್ತಾಳೆ. ಅಣ್ಣ-ತಮ್ಮಂದಿರಿಗೆ ಅವಳ ನೋವಿಗಿಂತ ಮನೆತನದ ಮರ್ಯಾದೆ ದೊಡ್ಡದಾಗಿ ಕಾಣುತ್ತದೆ. ಅವಳನ್ನು ಅದೇ ಮನೆಗೆ ವಾಪಸ್ ತಂದು ಬಿಡುತ್ತಾರೆ. ಆ ರಾತ್ರಿ ಏನಾಗುತ್ತದೆ ಅನ್ನುವುದು ಉಳಿದ ಕಥೆ. ನನಗೆ ಓದಿ ಕೈ ನಡುಗಿತು.

ಅಲ್ಲಿಯ ತನಕ ನಾನು ಮುಚ್ಚಿಡಬಾರದು, ಹೇಳಿಬಿಡಬೇಕು ಅಂತ ಸುಲಭವಾಗಿ ಅಂದುಕೊಂಡಿದ್ದೆ. ಮೆಹರುನ್ ಹೇಳಿದಳಲ್ಲ, ಏನಾಯ್ತು? ಕೇಳುವ ಕಿವಿ ಇಲ್ಲದಿದ್ದರೆ ಹೇಳಿದವಳಿಗೆ ಇನ್ನೂ ದೊಡ್ಡ ಪೆಟ್ಟು. ಊರಿನಿಂದ ತಂಗಿಯೋ ಹೆಂಡತಿಯೋ ಫೋನಿನಲ್ಲಿ ಏನೋ ಹೇಳಲು ಶುರು ಮಾಡಿದಾಗ ‘ಸ್ವಲ್ಪ ಹೊಂದಿಕೊಂಡು ಹೋಗು, ನಾನು ಬಂದ ಮೇಲೆ ನೋಡುವ’ ಅನ್ನುವುದು ನಮ್ಮಲ್ಲಿ ಮಾಮೂಲು. ದೂರ ಇರುವವರಿಗೆ ಅದು ಅನುಕೂಲದ ಮಾತು. ಈ ಕಥೆ ಓದಿದ ಮೇಲೆ ಆ ಮಾತು ನಾಲಿಗೆಗೆ ಅಷ್ಟು ಸುಲಭಕ್ಕೆ ಬರುವುದಿಲ್ಲ.

ಸಂಗ್ರಹದ ಎಲ್ಲಾ ಕಥೆಗಳೂ ಒಂದೇ ತೂಕದ್ದಲ್ಲ. ಕೆಲವು ಕಡೆ ಲೇಖಕಿಯೇ ಮುಂದೆ ಬಂದು ಮಾತಾಡಿದ ಹಾಗಾಗುತ್ತದೆ. ಆದರೆ ಸಿಟ್ಟಿನ ಜೊತೆ ನಗುವೂ ಇದೆ. ಅಡುಗೆಮನೆ, ಮಸೀದಿ, ಆಸ್ಪತ್ರೆ, ನೆಂಟರ ಕಿರಿಕಿರಿ ಎಲ್ಲಾ ನಮ್ಮ ಪಕ್ಕದ ಮನೆಯದೇ ಅನ್ನಿಸುತ್ತದೆ.

ನಗುತ್ತಾ ಹೇಳಿದ ಹಸಿವು

ಹಾಗಾದರೆ ಕಷ್ಟವನ್ನು ಹೇಳುವುದು ಹೇಗೆ? ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ ನನಗೆ ಆ ದಾರಿ ತೋರಿಸಿತು. ಮಾಗಡಿ ಹತ್ತಿರದ ಮಂಚನಬೆಲೆಯ ದಲಿತ ಕೇರಿಯಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀರಾಮಪುರಕ್ಕೆ ಬಂದು ಬೆಳೆದ ಹುಡುಗನ ಕಥೆ. ಇದೂ ಊರು ಬಿಟ್ಟವರ ಕಥೆಯೇ. ನಾವು ವಿಮಾನ ಹತ್ತಿದೆವು, ಅವರು ಕೂಲಿ ಹುಡುಕಿಕೊಂಡು ಪಟ್ಟಣಕ್ಕೆ ಬಂದರು, ಅಷ್ಟೇ ವ್ಯತ್ಯಾಸ.

ಪುಸ್ತಕದ ಆರಂಭದಲ್ಲೇ ಒಂದು ನೋಟ ಬರುತ್ತದೆ. ಹೊಲದಲ್ಲಿ ಎತ್ತಿನ ಜಾಗದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ. ಅವರಲ್ಲಿ ಒಬ್ಬರು ಬರೆಯುತ್ತಿರುವವರ ಅಪ್ಪ. ಬೇರೆ ಯಾರಾದರೂ ಆಗಿದ್ದರೆ ಇದನ್ನು ಹತ್ತು ಪುಟ ಬರೆದು ನಮ್ಮನ್ನು ಅಳಿಸುತ್ತಿದ್ದರು. ಇವರು ನಾಲ್ಕು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಓದಲು ಜಾಗ ಇಲ್ಲದೆ ಸ್ಮಶಾನದಲ್ಲಿ ಹೋಗಿ ಕೂರುತ್ತಿದ್ದದ್ದನ್ನೂ ತಮಾಷೆಯಾಗಿ ಹೇಳುತ್ತಾರೆ. ನಗು ಬರುತ್ತದೆ, ನಗುವಾಗಲೇ ಗಂಟಲು ಕಟ್ಟುತ್ತದೆ.

ನಮ್ಮಲ್ಲಿ ಬಹಳ ಜನ ಕಷ್ಟ ಹೇಳುವುದು ಅಂದರೆ ಗೋಳಾಡುವುದು ಅಂತ ತಿಳಿದು ಸುಮ್ಮನಿರುತ್ತಾರೆ. ಗೋಳು ಬೇಡ ಅನ್ನುವವರು ‘ಊರುಕೇರಿ’ ಓದಬೇಕು. ಇಲ್ಲಿ ಅವಮಾನ ಅನುಭವಿಸಿದವರು ತಲೆ ತಗ್ಗಿಸುವುದಿಲ್ಲ, ತಲೆ ತಗ್ಗಿಸಬೇಕಾದವರು ಬೇರೆಯವರು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಸಂಬಳ ಬಾರದಿದ್ದರೆ ಅದು ದುಡಿದವನಿಗೆ ನಾಚಿಕೆಯ ವಿಷಯ ಅಲ್ಲ ಅನ್ನುವುದನ್ನು ನನ್ನ ಆ ಗೆಳೆಯನಿಗೆ ಹೇಳಲು ನನಗೆ ಇದರಿಂದಲೇ ಧೈರ್ಯ ಬಂದದ್ದು. ಇಲ್ಲಿಯ ತನಕ ಬರೆದ ಅವನ ವಿಷಯವನ್ನೂ ಅವನ ಒಪ್ಪಿಗೆ ಕೇಳಿಯೇ ಬರೆದಿದ್ದೇನೆ. ಆರು ಪುಸ್ತಕದಲ್ಲಿ ಒಂದೇ ಇಟ್ಟುಕೊಳ್ಳಬಹುದು ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ವಾಪಸ್ ಹೋಗುವ ಪ್ರಶ್ನೆ

ಕೊನೆಯದು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. 1941ರ ಪುಸ್ತಕ. ನಮ್ಮ ಕಡೆಯ ಸಮುದ್ರ, ಮಳೆ, ಗದ್ದೆ, ಮಾತು ಎಲ್ಲಾ ಇದರಲ್ಲಿದೆ. ಮೂರು ತಲೆಮಾರಿನ ಕಥೆ. ಅಜ್ಜ ರಾಮ ಐತಾಳರು ಪೈಸೆ ಪೈಸೆ ಕೂಡಿಸಿ ಮಗನನ್ನು ಇಂಗ್ಲಿಷ್ ಓದಿಸುತ್ತಾರೆ. ಮಗ ಲಚ್ಚ ಪೇಟೆ ಸೇರಿ ದಾರಿ ತಪ್ಪಿ ಇದ್ದದ್ದನ್ನೆಲ್ಲ ಕರಗಿಸುತ್ತಾನೆ. ಮೊಮ್ಮಗ ರಾಮ ಮದರಾಸಿನಲ್ಲಿ ಓದಿ, ಮುಂಬೈಯಲ್ಲಿ ಕೆಲಸಕ್ಕೆ ಅಲೆದು, ಕೊನೆಗೆ ಊರಿನ ಮಣ್ಣಿಗೆ ಬರುತ್ತಾನೆ.

ದೊಡ್ಡ ಪುಸ್ತಕ, ಮೊದಲ ನೂರು ಪುಟ ನಿಧಾನ. ಆದರೆ ಈ ಮನೆಯನ್ನು ನಿಲ್ಲಿಸಿದವರು ಹೆಂಗಸರು: ಪಾರೋತಿ, ಸರಸೋತಿ, ಆಮೇಲೆ ನಾಗವೇಣಿ. ಮಗ ಪೇಟೆಯಲ್ಲಿ ಏನು ಮಾಡುತ್ತಿದ್ದಾನೆ ಅನ್ನುವುದು ಅವರಿಗೆ ತಡವಾಗಿ ತಿಳಿಯುತ್ತದೆ, ಕೂಲಿ-ಕೃಷಿ ಮಾತ್ರ ನಿಲ್ಲುವುದಿಲ್ಲ. ಮೊಮ್ಮಗ ರಾಮ ಮರಳಿ ಬರಲು ಸಾಧ್ಯವಾದದ್ದು ಅಮ್ಮ ನಾಗವೇಣಿ ಮತ್ತು ಅವನ ನಡುವೆ ಮುಚ್ಚುಮರೆ ಇರಲಿಲ್ಲ ಅನ್ನುವ ಕಾರಣಕ್ಕೆ ಅಂತ ನನ್ನ ಓದು. ಸೋತು ಬಂದರೂ ಬರಬಹುದು ಅನ್ನುವ ಮನೆ ಅವನಿಗೆ ಇತ್ತು. ಬರೇ ‘ಆರಾಮ’ ಅಂತ ಹೇಳಿಕೊಂಡು ಬಂದವನಿಗೆ ಸೋತಾಗ ಮನೆಗೆ ಹೋಗುವುದೇ ಕಷ್ಟವಾಗುತ್ತದೆ. ಇಲ್ಲಿ ಎಷ್ಟೋ ಜನ ರಜೆ ಮುಂದೂಡುವುದು ಟಿಕೆಟ್ ದುಡ್ಡಿಗೆ ಮಾತ್ರ ಅಲ್ಲ ಅಂತ ನಮಗೆಲ್ಲ ಗೊತ್ತಿದೆ.

ಓದಬೇಕು ಅನ್ನುವವರಿಗೆ

ಸಮಯ ಕಡಿಮೆ ಇರುವವರು ‘ಘಾಚರ್ ಘೋಚರ್’ನಿಂದ ಶುರು ಮಾಡಿ. ಮನಸ್ಸು ಭಾರ ಇರುವ ಹೊತ್ತಿನಲ್ಲಿ ‘ಆಡುಜೀವಿತಂ’ ಮುಟ್ಟಬೇಡಿ, ‘ಊರುಕೇರಿ’ ತೆಗೆಯಿರಿ. ಕರಾವಳಿಯವರು ‘ಮರಳಿ ಮಣ್ಣಿಗೆ’ಯನ್ನು ಮಳೆಗಾಲದಲ್ಲಿ ಊರು ನೆನಪಾದಾಗ ಓದಿ. ಬಾನು ಮುಷ್ತಾಕ್ ಅವರ ಕಥೆಗಳನ್ನು ಗಂಡ-ಹೆಂಡತಿ ಇಬ್ಬರೂ ಓದಿದರೆ ಒಳ್ಳೆಯದು, ಬೇರೆ ಬೇರೆ ದೇಶದಲ್ಲಿದ್ದರೂ ಅದೇ ವಾರ ಒಂದೇ ಕಥೆ ಓದಬಹುದು. ನಾವು ಹಾಗೆ ಮಾಡುತ್ತಿದ್ದೇವೆ. ಫೋನಿನಲ್ಲಿ ಊಟ ಆಯ್ತಾ, ದುಡ್ಡು ಬಂತಾ ಅನ್ನುವುದರ ಆಚೆ ಮಾತಾಡಲು ವಿಷಯ ಸಿಕ್ಕಿದೆ.

ರಜೆ ಮುಗಿಸಿ ಬರುವಾಗ ಹಪ್ಪಳ, ಮಿಡಿ ಉಪ್ಪಿನಕಾಯಿ, ಕುಚ್ಚಲಕ್ಕಿ ತೂಗಿ ತೂಗಿ ಪೆಟ್ಟಿಗೆ ಕಟ್ಟುತ್ತೀರಿ. ಅದರಲ್ಲಿ ಒಂದು ಪುಸ್ತಕಕ್ಕೆ ಜಾಗ ಮಾಡಿ. ಓದಿದ ಮೇಲೆ ಕಪಾಟಿನಲ್ಲಿ ಇಡಬೇಡಿ, ಪಕ್ಕದ ರೂಮಿನವರಿಗೆ ಕೊಡಿ. ನನ್ನ ‘ಊರುಕೇರಿ’ ಈಗ ನಾಲ್ಕನೆಯವರ ಕೈಯಲ್ಲಿದೆ, ಹೊದಿಕೆ ಹರಿದಿದೆ. ಬೇಕಾದವರು ಸರದಿಯಲ್ಲಿ ಹೆಸರು ಹೇಳಿ. ನೀವು ಓದಿದ್ದು ಏನು, ಹಿಡಿಸಿತಾ ಇಲ್ಲವಾ ಅಂತ ಮುಂದಿನ ಸಂಚಿಕೆಗೆ ನೀವೂ ಬರೆಯಿರಿ.